ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್: ರಿಸೀವರ್ ಬರೆಯಲು ಕಲಿಯುವವರಿಗೆ ಹೇಗಿದೆ?

ಆರ್‌ಟಿಎಲ್-ಎಸ್‌ಡಿಆರ್ ಅಂದರೆ ಕಂಪ್ಯೂಟರ್‌ನ ಯುಎಸ್‌ಬಿಗೆ ಹಾಕುವ ಪುಟ್ಟ ರೇಡಿಯೋ ರಿಸೀವರ್. ಅದು ಹಿಡಿದ ಸಿಗ್ನಲ್ಲನ್ನು ಬಿಡಿಸುವ ಕೆಲಸ ಸಾಫ್ಟ್‌ವೇರ್‌ನದ್ದು. ಈ ಡಾಂಗಲ್ ಬಗ್ಗೆ ಬರೆದವರು ಬಹಳ ಜನ. ಎಫ್‌ಎಂ ಕೇಳಬಹುದು, ವಿಮಾನ ಎಲ್ಲಿ ಹಾರುತ್ತಿದೆ ನೋಡಬಹುದು, ಹ್ಯಾಮ್‌ಗಳ, ಅಂದರೆ ಹವ್ಯಾಸಿ ರೇಡಿಯೋದವರ, ಮಾತು ಕೇಳಬಹುದು ಅಂತ ಉದ್ದದ ಪಟ್ಟಿ ಕೊಡುತ್ತಾರೆ. ಅದೆಲ್ಲ ನಿಜ. ಆದರೆ ನಾನು ಇದನ್ನು ತೆಗೆದುಕೊಂಡದ್ದು ಬೇರೆ ಕಾರಣಕ್ಕೆ.

ನಾನು ಡಿಜಿಟಲ್ ಕಮ್ಯುನಿಕೇಷನ್ ಪಾಠ ಮಾಡುವವಳು. ಬೋರ್ಡ್ ಮೇಲೆ ರಿಸೀವರ್‌ನ ಬ್ಲಾಕ್ ಡಯಾಗ್ರಾಂ ಬರೆಯುತ್ತೇನೆ. ಆ್ಯಂಟೆನಾ, ಟ್ಯೂನರ್, ಎಡಿಸಿ (ಸಿಗ್ನಲ್ಲನ್ನು ಅಂಕಿಗಳಾಗಿ ಬದಲಿಸುವುದು), ಫಿಲ್ಟರ್, ಕ್ಯಾರಿಯರ್ ರಿಕವರಿ (ಬಿಟ್‌ಗಳನ್ನು ಹೊತ್ತು ತಂದ ಅಲೆಯ ಆವರ್ತನ, ಫೇಸ್ ಹಿಡಿಯುವುದು), ಟೈಮಿಂಗ್ ರಿಕವರಿ (ಬಿಟ್‌ಗಳ ಗಡಿಯಾರ ಹಿಡಿಯುವುದು), ಡಿಕೋಡರ್. ಮಕ್ಕಳು ಪರೀಕ್ಷೆಯಲ್ಲಿ ಅದನ್ನು ಅಂದವಾಗಿ ಬರೆಯುತ್ತಾರೆ. ಲ್ಯಾಬ್‌ನಲ್ಲಿ ಸಿಮ್ಯುಲೇಷನ್ ಮಾಡಿದರೆ ಬಿಟ್‌ಗಳು ಒಂದೂ ತಪ್ಪದೆ ವಾಪಸ್ ಬರುತ್ತವೆ. ಬರಲೇಬೇಕು. ಕಳಿಸುವವರೂ ನಾವೇ, ಕೇಳುವವರೂ ನಾವೇ, ಇಬ್ಬರದ್ದೂ ಒಂದೇ ಗಡಿಯಾರ. ನಿಜವಾದ ರಿಸೀವರ್‌ಗೆ ಆ ಸೌಲಭ್ಯ ಇಲ್ಲ. ಅದನ್ನು ಕೈಯಾರೆ ಕಾಣಿಸಬೇಕು ಅಂತ ನನಗೆ ಬಹಳ ದಿನದಿಂದ ಇತ್ತು. ಅದಕ್ಕೆ ಎರಡು ಡಾಂಗಲ್ ತರಿಸಿದೆ. ಒಂದು ಸಾದಾ ಕ್ರಿಸ್ಟಲ್ ಇರುವ ಪ್ಲಾಸ್ಟಿಕ್ ಡಬ್ಬಿಯದ್ದು. ಇನ್ನೊಂದು ಟಿಸಿಎಕ್ಸ್‌ಒ, ಅಂದರೆ ತಾಪಮಾನಕ್ಕೆ ತಕ್ಕಂತೆ ತನ್ನನ್ನು ಸರಿಮಾಡಿಕೊಳ್ಳುವ ಕ್ರಿಸ್ಟಲ್ ಇರುವ ಲೋಹದ ಡಬ್ಬಿಯದ್ದು. ಒಂದು ವರ್ಷ ಎರಡನ್ನೂ ಚೆನ್ನಾಗಿ ದುಡಿಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಳಗೆ ಏನಿದೆ ಅಂತ ಹೇಳಿಬಿಡುತ್ತೇನೆ. ಎರಡೇ ಮುಖ್ಯ ಚಿಪ್. ಒಂದು ಆರ್820ಟಿ2 ಟ್ಯೂನರ್. ಸುಮಾರು 24 ಮೆಗಾಹರ್ಟ್ಸ್‌ನಿಂದ 1,766 ಮೆಗಾಹರ್ಟ್ಸ್‌ವರೆಗೆ ಎಲ್ಲಿ ಬೇಕಾದರೂ ಕೂರುತ್ತದೆ. ನಮಗೆ ಬೇಕಾದ ಸಿಗ್ನಲ್ಲನ್ನು 3.57 ಮೆಗಾಹರ್ಟ್ಸ್‌ನ ಐಎಫ್‌ಗೆ, ಅಂದರೆ ನಡುವಿನ ಒಂದು ಕಡಿಮೆ ಆವರ್ತನಕ್ಕೆ, ಇಳಿಸುತ್ತದೆ. ಇನ್ನೊಂದು ಆರ್‌ಟಿಎಲ್2832ಯು. ಇದು ಡಿವಿಬಿ-ಟಿ ಟಿವಿ ನೋಡಲು ಮಾಡಿದ ಚಿಪ್. ಇದರ 8 ಬಿಟ್ ಎಡಿಸಿ ಸೆಕೆಂಡಿಗೆ 2.88 ಕೋಟಿ ಸ್ಯಾಂಪಲ್ ತೆಗೆಯುತ್ತದೆ. ಚಿಪ್ ಒಳಗೇ ಡಿಜಿಟಲ್ ಮಿಕ್ಸರ್ ಅದನ್ನು ಬೇಸ್‌ಬ್ಯಾಂಡ್‌ಗೆ, ಅಂದರೆ ಸೊನ್ನೆ ಆವರ್ತನದ ಸುತ್ತಕ್ಕೆ, ಇಳಿಸಿ, ಸ್ಯಾಂಪಲ್ ದರ ಕಡಿಮೆ ಮಾಡಿ, ಐ ಮತ್ತು ಕ್ಯೂ (ಅಲೆಯ ಕಾಲು ಸುತ್ತು ಅಂತರದ ಎರಡು ಭಾಗ) ಅಂತ ಎರಡು ಬೈಟ್ ಮಾಡಿ ಯುಎಸ್‌ಬಿಯಲ್ಲಿ ಕಳಿಸುತ್ತದೆ. ಅಂದರೆ ನಾವು ಪಾಠದಲ್ಲಿ ಹೇಳುವ ಡಿಜಿಟಲ್ ಐಎಫ್ ರಿಸೀವರ್‌ನ ಮೊದಲ ಅರ್ಧ ಬೆರಳುದ್ದದ ಡಬ್ಬಿಯಲ್ಲಿ ಬಂದು ಕೂತಿದೆ. ಉಳಿದ ಅರ್ಧ ನಾವು ಬರೆಯಬೇಕು.

ಟಿವಿ ಚಿಪ್‌ನಿಂದ ಹಸಿ ಸ್ಯಾಂಪಲ್ ಹೊರಗೆ ತೆಗೆಯಬಹುದು ಅಂತ ಎಲ್ಲರಿಗೂ ತಿಳಿದದ್ದು 2012ರಲ್ಲಿ. ಲಿನಕ್ಸ್ ಡ್ರೈವರ್ ಬರೆಯುತ್ತಿದ್ದ ಆಂಟಿ ಪಾಲೋಸಾರಿ ಇದನ್ನು ಗಮನಿಸಿದರು. ಆಸ್ಮೋಕಾಮ್ ತಂಡದವರು ಅದಕ್ಕೆ ಬೇಕಾದ ಸಾಫ್ಟ್‌ವೇರ್ ಬರೆದು ಎಲ್ಲರ ಕೈಗೆ ಕೊಟ್ಟರು. ಅವರಿಗೆ ನಾನು ಋಣಿ.

ಹಾಕಿದ ಕೂಡಲೇ ಕೆಲಸ ಶುರು ಆಗುತ್ತದೆ ಅಂದುಕೊಳ್ಳಬೇಡಿ. ಲಿನಕ್ಸ್ ಇದನ್ನು ಟಿವಿ ಅಂತಲೇ ತಿಳಿದು ತನ್ನ ಡ್ರೈವರ್ ಹಚ್ಚಿಬಿಡುತ್ತದೆ. ಅದನ್ನು ತಡೆಯಬೇಕು. ವಿಂಡೋಸ್‌ನಲ್ಲಿ ಡ್ರೈವರ್ ಕೈಯಾರೆ ಬದಲಿಸಬೇಕು. ಎರಡೂ ಐದು ನಿಮಿಷದ ಕೆಲಸ, ಆದರೆ ಗೊತ್ತಿಲ್ಲದಿದ್ದರೆ ಅರ್ಧ ದಿನ ಹೋಗುತ್ತದೆ.

ನಾನು ಮೊದಲ ದಿನ ಯಾವ ರೆಡಿಮೇಡ್ ಸಾಫ್ಟ್‌ವೇರನ್ನೂ ತೆರೆಯಲಿಲ್ಲ. ಹಸಿ ಬೈಟ್‌ಗಳನ್ನು ಫೈಲಿಗೆ ತುಂಬಿ, ಪೈಥಾನ್‌ನಲ್ಲಿ ತೆರೆದು ನೋಡಿದೆ. ಒಂದು ಐ, ಒಂದು ಕ್ಯೂ, ಮತ್ತೆ ಐ, ಮತ್ತೆ ಕ್ಯೂ. ಪ್ರತಿ ಬೈಟ್ 0ಯಿಂದ 255ರ ಒಳಗೆ. ಇಲ್ಲಿ ಮೊದಲ ಪಾಠ ಸಿಗುತ್ತದೆ. ಸೊನ್ನೆ ಎಲ್ಲಿದೆ? ಎಲ್ಲರೂ 128 ಕಳೆಯುತ್ತಾರೆ. ಆದರೆ 0 ಮತ್ತು 255ರ ನಡುಮಧ್ಯ 127.5. ನಾನು 128 ಕಳೆದಾಗ ಎಫ್‌ಎಫ್‌ಟಿಯ, ಅಂದರೆ ಯಾವ ಆವರ್ತನದಲ್ಲಿ ಎಷ್ಟು ಶಕ್ತಿ ಅಂತ ತೋರಿಸುವ ಗ್ರಾಫ್‌ನ, ಸರಿಯಾಗಿ ನಡುವಿನಲ್ಲಿ ಸಣ್ಣ ಮುಳ್ಳೊಂದು ನಿಂತಿತ್ತು. ಅಲ್ಲಿ ಯಾವ ಸ್ಟೇಷನ್ನೂ ಇರಲಿಲ್ಲ. 127.5 ಕಳೆದೆ, ಮುಳ್ಳು ಬಹುಪಾಲು ಕರಗಿತು. ಅರ್ಧ ಅಂಕಿಯ ತಪ್ಪು ಪರದೆಯ ಮೇಲೆ ಹಾಗೆ ಎದ್ದು ಕಾಣುವುದನ್ನು ನೋಡಿದಾಗಲೇ ನನಗೆ ಈ ಡಾಂಗಲ್ ಮೇಲೆ ಪ್ರೀತಿ ಹುಟ್ಟಿದ್ದು.

ಇನ್ನು 8 ಬಿಟ್ ವಿಷಯ. ಇದನ್ನು ಎಲ್ಲರೂ ದೊಡ್ಡ ಕೊರತೆ ಅನ್ನುತ್ತಾರೆ. ಲೆಕ್ಕ ಸರಳ. ಬಿಟ್‌ಗೆ 6 ಡಿಬಿ (ಡೆಸಿಬೆಲ್) ಚಿಲ್ಲರೆಯಂತೆ, ಅತಿ ಜೋರಾದ ಸಿಗ್ನಲ್‌ಗೂ ಅತಿ ಸಣ್ಣದಕ್ಕೂ ನಡುವೆ ಒಟ್ಟು ಸುಮಾರು 50 ಡಿಬಿ. ಪಕ್ಕದಲ್ಲಿ ಜೋರಾದ ಸ್ಟೇಷನ್ ಇದ್ದರೆ ಗೇನ್, ಅಂದರೆ ಸಿಗ್ನಲ್ ಹಿಗ್ಗಿಸುವ ಪ್ರಮಾಣ, ಅದಕ್ಕೆ ತಕ್ಕಂತೆ ಇಳಿಸಬೇಕು. ಆಗ ಬಡಪಾಯಿ ಸಿಗ್ನಲ್ ಎಡಿಸಿಯ ಒಂದು ಮೆಟ್ಟಿಲಿಗಿಂತಲೂ ಚಿಕ್ಕದಾಗಿಬಿಡುತ್ತದೆ. ಹಾಗಾದರೆ ಅದು ಕಳೆದೇಹೋಯಿತಾ? ಇಲ್ಲ, ಇದು ನನಗೆ ಬಹಳ ಇಷ್ಟವಾದ ಭಾಗ. ಮೆಟ್ಟಿಲಿನಷ್ಟು ಗದ್ದಲ ಜೊತೆಗಿದ್ದರೆ ಸಿಗ್ನಲ್ ಆ ಗದ್ದಲದ ಮೇಲೆ ಸವಾರಿ ಮಾಡಿಕೊಂಡು ಬರುತ್ತದೆ. ಆಮೇಲೆ ನಾವು ಅಗಲ ಕಡಿಮೆ ಮಾಡಿದಂತೆ ಗದ್ದಲ ಹೊರಗೆ ಉಳಿಯುತ್ತದೆ, ಸಿಗ್ನಲ್ ಒಳಗೆ ಉಳಿಯುತ್ತದೆ. ಸೆಕೆಂಡಿಗೆ 24 ಲಕ್ಷ ಸ್ಯಾಂಪಲ್‌ನಿಂದ 48 ಸಾವಿರಕ್ಕೆ ಇಳಿಸಿದರೆ 50 ಪಟ್ಟು. ಅಂದರೆ 17 ಡಿಬಿ ಲಾಭ, ಹತ್ತಿರ ಹತ್ತಿರ 3 ಬಿಟ್. ಡೆಸಿಮೇಷನ್ ಅಂದರೆ ಸುಮ್ನೆ ಸ್ಯಾಂಪಲ್ ಎಸೆಯುವುದು ಅಂದುಕೊಂಡಿದ್ದ ಮಕ್ಕಳಿಗೆ ಇದನ್ನು ಪರದೆಯ ಮೇಲೆ ತೋರಿಸಿದೆ. ಕಣ್ಣಿಗೆ ಕಾಣದ ಸಿಗ್ನಲ್ ಫಿಲ್ಟರ್ ದಾಟಿದ ಮೇಲೆ ಎದ್ದು ನಿಂತಿತು. ಆದರೆ ಒಂದು ಷರತ್ತು. ಇಳಿಸಿದ ಮೇಲೆ ಮತ್ತೆ 8 ಬಿಟ್‌ಗೆ ಕತ್ತರಿಸಬಾರದು. ಕತ್ತರಿಸಿದರೆ ಗಳಿಸಿದ್ದೆಲ್ಲ ಹೋಯಿತು.

ಗೇನ್ ಹೇಗೆ ಇಡಬೇಕು ಅನ್ನುವುದನ್ನೂ ಇದು ಚೆನ್ನಾಗಿ ಕಲಿಸುತ್ತದೆ. ಟ್ಯೂನರ್‌ನಲ್ಲಿ 0ಯಿಂದ 49.6 ಡಿಬಿವರೆಗೆ 29 ಮೆಟ್ಟಿಲು ಇವೆ. ಹೊಸಬರು ನೇರ ಕೊನೆಯ ಮೆಟ್ಟಿಲಿಗೆ ಹೋಗುತ್ತಾರೆ, ನಾನೂ ಹೋಗಿದ್ದೆ. ಪರದೆ ತುಂಬ ಸ್ಟೇಷನ್! ಖುಷಿಯಾಯಿತು. ಆಮೇಲೆ ನೋಡಿದರೆ ಅದರಲ್ಲಿ ಎಷ್ಟೋ ಸ್ಟೇಷನ್‌ಗಳೇ ಅಲ್ಲ, ಭೂತಗಳು. ಎರಡು ಜೋರಾದ ಸಿಗ್ನಲ್ ಸೇರಿ ಮೂರನೆಯದನ್ನು ಹುಟ್ಟಿಸುತ್ತವೆ. 98.3 ಮತ್ತು 101.3 ಜೋರಾಗಿದ್ದರೆ 95.3 ಮತ್ತು 104.3ರಲ್ಲಿ ಅವುಗಳ ನೆರಳು ಬೀಳುತ್ತದೆ. ನಿಜವೋ ನೆರಳೋ ತಿಳಿಯಲು ಒಂದು ಒಳ್ಳೆಯ ಪರೀಕ್ಷೆ ಇದೆ. ಆ್ಯಂಟೆನಾ ಮತ್ತು ಡಾಂಗಲ್ ನಡುವೆ ಸಿಗ್ನಲ್ಲನ್ನು ತಗ್ಗಿಸುವ 10 ಡಿಬಿ ಅಟೆನ್ಯುಯೇಟರ್ ಹಾಕಿ. ನಿಜವಾದ ಸ್ಟೇಷನ್ 10 ಡಿಬಿ ಇಳಿಯುತ್ತದೆ. ನೆರಳು ಸುಮಾರು 30 ಡಿಬಿ ಬಿದ್ದು ಮಾಯವಾಗುತ್ತದೆ. ಮೂರನೇ ಆರ್ಡರ್ ಇಂಟರ್‌ಮಾಡ್ಯುಲೇಷನ್ ಅನ್ನುವ ಉದ್ದದ ಹೆಸರನ್ನು ಇಷ್ಟು ಚೆನ್ನಾಗಿ ವಿವರಿಸುವ ಇನ್ನೊಂದು ದಾರಿ ನನಗೆ ಸಿಕ್ಕಿಲ್ಲ.

ಈಗ ನಾನು ಪಾಲಿಸುವ ಕ್ರಮ ಇದು. ಆ್ಯಂಟೆನಾ ತೆಗೆದು ಗದ್ದಲದ ಮಟ್ಟ ನೋಡುತ್ತೇನೆ. ಹಾಕಿ ನೋಡುತ್ತೇನೆ. ಹಾಕಿದಾಗ ಮಟ್ಟ ಸ್ಪಷ್ಟವಾಗಿ ಏರುವವರೆಗೆ ಗೇನ್ ಏರಿಸುತ್ತೇನೆ, ಅಲ್ಲಿಗೆ ನಿಲ್ಲಿಸುತ್ತೇನೆ. ಆಮೇಲೆ ಫೈಲಿನಲ್ಲಿ 0 ಮತ್ತು 255 ಎಷ್ಟು ಸಲ ಬಂದಿವೆ ಎಣಿಸುತ್ತೇನೆ. ಜಾಸ್ತಿ ಬಂದಿದ್ದರೆ ಎಡಿಸಿ ತಲೆ ಗೋಡೆಗೆ ಬಡಿಯುತ್ತಿದೆ ಅಂತ ಅರ್ಥ, ಒಂದೆರಡು ಮೆಟ್ಟಿಲು ಇಳಿಸುತ್ತೇನೆ.

ಇಷ್ಟು ಆದ ಮೇಲೆ ನಿಜವಾದ ಕೆಲಸಕ್ಕೆ ಕೈ ಹಾಕಿದೆ. ಎಫ್‌ಎಂ ಸ್ಟೇಷನ್‌ಗಳು ಹಾಡಿನ ಜೊತೆಗೆ ತಮ್ಮ ಹೆಸರನ್ನೂ ಬಿಟ್‌ಗಳಾಗಿ ಕಳಿಸುತ್ತವೆ. ಕಾರ್ ರೇಡಿಯೋದಲ್ಲಿ ಹೆಸರು ಮೂಡುತ್ತದಲ್ಲ, ಅದೇ ಆರ್‌ಡಿಎಸ್. ಎಲ್ಲ ಬಿಟ್ಟು ಅದನ್ನೇ ಯಾಕೆ ಆರಿಸಿಕೊಂಡೆ ಅಂದರೆ, ಒಂದು ಪೂರ್ಣ ಡಿಜಿಟಲ್ ರಿಸೀವರ್‌ನ ಎಲ್ಲ ಅಂಗಗಳೂ ಅದರಲ್ಲಿ ಇವೆ. ಬಿಟ್ ದರ ಸೆಕೆಂಡಿಗೆ 1187.5 ಮಾತ್ರ, ಹಾಗಾಗಿ ಮಾಮೂಲಿ ಲ್ಯಾಪ್‌ಟಾಪ್ ಸಾಕು. ಒಂದೊಂದು ಹಂತವನ್ನೂ ಗ್ರಾಫ್ ಹಾಕಿ ನೋಡಬಹುದು.

ಎಫ್‌ಎಂ ಡಿಮಾಡ್ಯುಲೇಟ್ ಮಾಡಿದ ಮೇಲೆ, ಅಂದರೆ ಅಲೆಯ ಮೇಲೆ ಹೊರಿಸಿದ್ದನ್ನು ಬಿಡಿಸಿಕೊಂಡ ಮೇಲೆ, ಸಿಗುವ ಸಿಗ್ನಲ್ಲಿನಲ್ಲಿ 15 ಕಿಲೋಹರ್ಟ್ಸ್‌ವರೆಗೆ ಮಾಮೂಲಿ ಧ್ವನಿ. 19 ಕಿಲೋಹರ್ಟ್ಸ್‌ನಲ್ಲಿ ಒಂದು ಪೈಲಟ್ ಟೋನ್, ಅಂದರೆ ರಿಸೀವರ್‌ಗೆ ದಾರಿ ತೋರಿಸುವ ಒಂದೇ ಸ್ವರ. 38ರ ಸುತ್ತ ಸ್ಟೀರಿಯೋ ಭಾಗ. 57ರಲ್ಲಿ ನಮ್ಮ ಬಿಟ್‌ಗಳು. ಈ ಅಂಕಿಗಳನ್ನು ನೋಡಿದರೆ ಇದನ್ನು ಮಾಡಿದವರ ಜಾಣತನ ತಿಳಿಯುತ್ತದೆ. 19ರ ಮೂರು ಪಟ್ಟು 57. 57 ಸಾವಿರವನ್ನು 48ರಿಂದ ಭಾಗಿಸಿದರೆ 1187.5. 19 ಸಾವಿರವನ್ನು 16ರಿಂದ ಭಾಗಿಸಿದರೂ 1187.5.

ನಾನು ಮೊದಲು ಸ್ಯಾಂಪಲ್ ದರ 24 ಲಕ್ಷ ಇಟ್ಟು, ಹತ್ತರಿಂದ ಇಳಿಸಿ 240 ಕಿಲೋಹರ್ಟ್ಸ್‌ಗೆ ತಂದಿದ್ದೆ. ಆಗ ಒಂದು ಬಿಟ್‌ಗೆ 202 ಸ್ಯಾಂಪಲ್ ಮತ್ತು ಒಂದಿಷ್ಟು ಚೂರು. ಆ ಚೂರು ಕಾಟ ಕೊಡುತ್ತಿತ್ತು. ಆಮೇಲೆ ದರವನ್ನು 22.8 ಲಕ್ಷಕ್ಕೆ ಬದಲಿಸಿದೆ. ಹತ್ತರಿಂದ ಇಳಿಸಿದರೆ 228 ಕಿಲೋಹರ್ಟ್ಸ್. ಈಗ ಬಿಟ್‌ಗೆ ಸರಿಯಾಗಿ 192 ಸ್ಯಾಂಪಲ್. ಇನ್ನೊಂದು ಲಾಭ ಇದೆ. 57 ಅನ್ನುವುದು 228ರ ಕಾಲು ಭಾಗ. ಹಾಗಾಗಿ 57ರಿಂದ ಕೆಳಗಿಳಿಸಲು ಸೈನ್, ಕೊಸೈನ್ ಗುಣಿಸುವುದೇ ಬೇಡ. ಒಂದು ಸ್ಯಾಂಪಲ್ ಹಾಗೇ ಐಗೆ, ಮುಂದಿನದು ಚಿಹ್ನೆ ಬದಲಿಸಿ ಕ್ಯೂಗೆ, ಅದರ ಮುಂದಿನದು ಚಿಹ್ನೆ ಬದಲಿಸಿ ಐಗೆ, ನಾಲ್ಕನೆಯದು ಹಾಗೇ ಕ್ಯೂಗೆ. ಅಷ್ಟೇ. ದರ ಆರಿಸುವುದೇ ಅರ್ಧ ಡಿಸೈನ್ ಅಂತ ನನಗೆ ಪಾಠ ಹೇಳಿದ ಮೇಷ್ಟ್ರು ಹೇಳುತ್ತಿದ್ದರು, ಈಗ ಅರ್ಥವಾಯಿತು.

ಹತ್ತರಿಂದ ಇಳಿಸುವ ಫಿಲ್ಟರ್ ಬಗ್ಗೆ ಒಂದು ಮಾತು. ನನ್ನದು 120 ಟ್ಯಾಪ್‌ಗಳ ಎಫ್‌ಐಆರ್, ಅಂದರೆ ಒಂದೊಂದು ಉತ್ತರಕ್ಕೂ 120 ಸ್ಯಾಂಪಲ್ ಗುಣಿಸಿ ಕೂಡುವ ಫಿಲ್ಟರ್. ಎಲ್ಲ ಸ್ಯಾಂಪಲ್‌ಗೂ ಲೆಕ್ಕ ಹಾಕಿ ಆಮೇಲೆ ಹತ್ತರಲ್ಲಿ ಒಂಬತ್ತು ಎಸೆದರೆ ಐಗೆ ಒಂದಕ್ಕೇ ಸೆಕೆಂಡಿಗೆ 27 ಕೋಟಿ ಚಿಲ್ಲರೆ ಗುಣಾಕಾರ. ಉಳಿಸಿಕೊಳ್ಳುವ ಸ್ಯಾಂಪಲ್‌ಗೆ ಮಾತ್ರ ಲೆಕ್ಕ ಹಾಕಿದರೆ 2.7 ಕೋಟಿ. ಪಾಲಿಫೇಸ್ ಅನ್ನುವ ಪದ ಕೇಳಿ ಹೆದರುವ ಮಕ್ಕಳಿಗೆ ನಾನು ಹೇಳುವುದು ಇಷ್ಟೇ: ಎಸೆಯುವುದನ್ನು ಯಾಕೆ ಅಡುಗೆ ಮಾಡಬೇಕು?

ಡಿಮಾಡ್ಯುಲೇಟರ್ ಒಂದೇ ಸಾಲು. ಈಗಿನ ಸ್ಯಾಂಪಲ್ಲನ್ನು ಹಿಂದಿನದರ ಕಾಂಜುಗೇಟ್‌ನಿಂದ (ಕ್ಯೂನ ಚಿಹ್ನೆ ತಿರುಗಿಸಿದ್ದರಿಂದ) ಗುಣಿಸಿ, ಕೋನ ತೆಗೆಯಿರಿ. ಆಯಿತು.

ಗಡಿಯಾರದ ಕಥೆ ಶುರುವಾಗುವುದು ಇಲ್ಲಿಂದ.

192 ಸರಿಯಾದ ಪೂರ್ಣಾಂಕ ಬಂತಲ್ಲ, ಇನ್ನು ಟೈಮಿಂಗ್ ಲೂಪ್ ಯಾಕೆ ಬೇಕು ಅಂತ ನಾನು ಅದನ್ನು ಬಿಟ್ಟುಬಿಟ್ಟೆ. ಶುರುವಿನಲ್ಲಿ ಒಮ್ಮೆ ಸರಿಯಾದ ಜಾಗ ಹುಡುಕಿ, ಅಲ್ಲಿಂದ 192 ಎಣಿಸುತ್ತ ಬಿಟ್ ಓದಿದೆ. ಸಾದಾ ಡಾಂಗಲ್ ಹಾಕಿದ್ದೆ. ಓಡಿಸಿದೆ. ಬ್ಲಾಕ್‌ಗಳು ಸಾಲಾಗಿ ಸರಿ ಬಂದವು. ಆರ್‌ಡಿಎಸ್‌ನಲ್ಲಿ 26 ಬಿಟ್‌ಗೆ ಒಂದು ಬ್ಲಾಕ್, ಅದರಲ್ಲಿ 16 ಮಾಹಿತಿ, 10 ತಪ್ಪು ಹಿಡಿಯಲು. ಹತ್ತೂ ತಾಳೆಯಾಗುತ್ತಿದ್ದವು. ಸ್ಟೇಷನ್ ಹೆಸರಿನ ಎಂಟು ಅಕ್ಷರ ಎರಡೆರಡಾಗಿ ತುಂಬತೊಡಗಿದವು. ಇದ್ದಕ್ಕಿದ್ದಂತೆ ಕಸ. ಒಂದು ಬ್ಲಾಕೂ ತಾಳೆ ಇಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ತಾನಾಗಿ ಸರಿ. ಮತ್ತೆ ಕಸ.

ಸಿಗ್ನಲ್ ಬಡವಾಗಿದೆ ಅಂದುಕೊಂಡೆ. ಎಫ್‌ಎಂ ಡಿಮಾಡ್ಯುಲೇಟರ್‌ನಲ್ಲಿ ಮೇಲೆ ಮೇಲೆ ಹೋದಂತೆ ಗದ್ದಲ ಹೆಚ್ಚುತ್ತದೆ, 57 ಅಂದರೆ ಸಾಕಷ್ಟು ಮೇಲೆ. 75 ಕಿಲೋಹರ್ಟ್ಸ್ ಡೀವಿಯೇಷನ್‌ನಲ್ಲಿ, ಅಂದರೆ ಸ್ಟೇಷನ್ನಿನ ಆವರ್ತನ ಆಚೀಚೆ ಓಡಾಡುವ ಅಳತೆಯಲ್ಲಿ, ಆರ್‌ಡಿಎಸ್‌ಗೆ ಸಿಗುವುದು ಸಾಮಾನ್ಯವಾಗಿ 2ರ ಆಸುಪಾಸು. ಹಾಗಾಗಿ ಆ್ಯಂಟೆನಾ ಬದಲಿಸಿದೆ. ಗೇನ್ ಬದಲಿಸಿದೆ. ಫಿಲ್ಟರ್ ಇನ್ನೂ ಚೂಪು ಮಾಡಿದೆ. ಎರಡು ವಾರ ಇದರಲ್ಲೇ ಹೋಯಿತು. ಏನೂ ಬದಲಾಗಲಿಲ್ಲ.

ಒಂದು ದಿನ ಲ್ಯಾಬ್‌ನಲ್ಲಿ ಪಕ್ಕ ಕೂತಿದ್ದ ವಿದ್ಯಾರ್ಥಿನಿಯೊಬ್ಬಳು ಪರದೆಯನ್ನೇ ನೋಡುತ್ತಿದ್ದವಳು ಕೇಳಿದಳು, "ಮೇಡಂ, ಇದು ಪ್ರತಿ ಸಲ ಅಷ್ಟೇ ಹೊತ್ತಿಗೆ ಕೆಡ್ತಿದೆ ಅಲ್ವಾ?"

"ಎಷ್ಟು ಹೊತ್ತಿಗೆ?"

"ಎಣಿಸ್ತೀನಿ ತಾಳಿ." ಮೊಬೈಲ್ ತೆಗೆದು ಸ್ಟಾಪ್‌ವಾಚ್ ಒತ್ತಿದಳು. ಒಂದು ಸುತ್ತು, ಎರಡು ಸುತ್ತು, ಐದು ಸುತ್ತು. "ಸುಮಾರು ಹದಿನೇಳು ಸೆಕೆಂಡ್ ಮೇಡಂ. ಪ್ರತಿ ಸಲ."

ಗದ್ದಲ ಎಲ್ಲಾದರೂ ಗಡಿಯಾರ ನೋಡಿಕೊಂಡು ಬರುತ್ತದಾ? ಆ ಕ್ಷಣಕ್ಕೆ ಹೊಳೆಯಿತು. 17 ಸೆಕೆಂಡಿನಲ್ಲಿ ಬರುವ ಬಿಟ್‌ಗಳು ಸುಮಾರು 20,190. ಅಷ್ಟರಲ್ಲಿ ನಾನು ಒಂದು ಬಿಟ್‌ನಷ್ಟು ಜಾರುತ್ತಿದ್ದೇನೆ. 20,190ರಲ್ಲಿ ಒಂದು ಅಂದರೆ ಹತ್ತು ಲಕ್ಷಕ್ಕೆ 50. ಡಾಂಗಲ್‌ನ ಕ್ರಿಸ್ಟಲ್ 50 ಪಿಪಿಎಂ ತಪ್ಪು! ನನ್ನ 192 ನನ್ನ ಗಡಿಯಾರದ ಪ್ರಕಾರ 192. ಕಳಿಸುವವರ ಗಡಿಯಾರದ ಪ್ರಕಾರ ಅದು 192ಕ್ಕಿಂತ ನೂರನೇ ಒಂದು ಭಾಗದಷ್ಟು ಆಚೀಚೆ. ಒಂದು ಸ್ಯಾಂಪಲ್‌ನ ನೂರನೇ ಒಂದು ಭಾಗ, ಅಷ್ಟೇ. ಆದರೆ ಅದು ಕೂಡುತ್ತ ಹೋಗುತ್ತದೆ.

ಆ ಹುಡುಗಿಯ ಜೊತೆ ಕೂತು ಇನ್ನೊಂದು ಪ್ರಯೋಗ ಮಾಡಿದೆವು. ಡಾಂಗಲ್ ಪೂರ್ತಿ ತಣ್ಣಗಾಗಲು ಬಿಟ್ಟು ಮತ್ತೆ ಶುರು ಮಾಡಿ, ಸುತ್ತುಗಳನ್ನು ಬರೆದುಕೊಂಡೆವು. 17 ಇದ್ದದ್ದು ಕಾಲು ಗಂಟೆಯಲ್ಲಿ ನಿಧಾನವಾಗಿ 16ರ ಹತ್ತಿರ ಬಂದು ನಿಂತಿತು. ಡಬ್ಬಿ ಮುಟ್ಟಿ ನೋಡಿದರೆ ಬೆಚ್ಚಗಾಗಿತ್ತು. ಬಿಸಿಯಾದಂತೆ ಕ್ರಿಸ್ಟಲ್ ಮತ್ತೆ ಎರಡು ಮೂರು ಪಿಪಿಎಂ ಸರಿದಿತ್ತು. ಅಂದರೆ ಒಮ್ಮೆ ಅಳೆದು ತಿದ್ದಿಬಿಟ್ಟರೂ ಸಾಲದು, ಬೆನ್ನು ಹತ್ತಿ ಹೋಗುತ್ತಲೇ ಇರಬೇಕು. ಟ್ರ್ಯಾಕಿಂಗ್ ಲೂಪ್ ಯಾಕೆ ಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನಾನು ಯಾವ ತರಗತಿಯಲ್ಲೂ ಕೊಟ್ಟಿರಲಿಲ್ಲ.

ಪರಿಹಾರ ಆ ಅಂಕಿಗಳಲ್ಲೇ ಇತ್ತು. 19 ಕಿಲೋಹರ್ಟ್ಸ್ ಪೈಲಟ್ ಮೇಲೆ ಒಂದು ಪಿಎಲ್‌ಎಲ್, ಅಂದರೆ ಬರುವ ಟೋನಿನ ಫೇಸನ್ನು ಬೆನ್ನು ಹತ್ತಿ ಹೋಗುವ ಲೂಪ್, ಕೂರಿಸಿದೆವು. ಅದರ ಫೇಸನ್ನು ಮೂರರಿಂದ ಗುಣಿಸಿದರೆ 57ರ ಕ್ಯಾರಿಯರ್. ಹದಿನಾರರಿಂದ ಭಾಗಿಸಿದರೆ ಬಿಟ್ ಗಡಿಯಾರ. ಒಂದೇ ಲೂಪ್, ಎರಡು ಕೆಲಸ. ಹದಿನಾರರಲ್ಲಿ ಯಾವ ಜಾಗದಿಂದ ಶುರು ಅನ್ನುವುದು ಮಾತ್ರ ತಿಳಿಯುವುದಿಲ್ಲ. ಹದಿನಾರನ್ನೂ ಪರೀಕ್ಷಿಸಿ, ಎಲ್ಲಿ ಶಕ್ತಿ ಜಾಸ್ತಿಯೋ ಅದನ್ನು ಹಿಡಿದೆವು. 57ರಿಂದ ಮೊದಲು ಕೆಳಗಿಳಿಸಲು ನಾಲ್ಕು ಸ್ಯಾಂಪಲ್‌ಗಳ ಚಿಹ್ನೆ ಬದಲಿಸುವ ಆ ಸುಲಭದ ದಾರಿ ಇದ್ದೇ ಇದೆ. ಉಳಿಯುವ ಎರಡು ಮೂರು ಹರ್ಟ್ಸ್ ವ್ಯತ್ಯಾಸವನ್ನು ಲೂಪ್ ತಿದ್ದುತ್ತದೆ. ಲೂಪ್ ಬ್ಯಾಂಡ್‌ವಿಡ್ತ್ 20 ಹರ್ಟ್ಸ್ ಇಟ್ಟಾಗ ಬೇಗ ಹಿಡಿಯಿತು, ಆದರೆ ನಡುಗುತ್ತಿತ್ತು. 2 ಇಟ್ಟಾಗ ಹಿಡಿಯಲು ತಡ, ಹಿಡಿದ ಮೇಲೆ ಗಟ್ಟಿ. ಈಗ 20ರಲ್ಲಿ ಶುರು ಮಾಡಿ, ಹಿಡಿದ ಮೇಲೆ 2ಕ್ಕೆ ಇಳಿಸುತ್ತೇವೆ. ಅವತ್ತು ಸಂಜೆ ಓಡಲು ಬಿಟ್ಟು ಹೋದೆ. ಬೆಳಿಗ್ಗೆ ಬಂದಾಗಲೂ ಬ್ಲಾಕ್‌ಗಳು ಸಾಲಾಗಿ ಬರುತ್ತಲೇ ಇದ್ದವು.

ಮೊನೊದಲ್ಲಿ ಬರುವ ಸ್ಟೇಷನ್‌ಗೆ ಪೈಲಟ್ ಇರುವುದಿಲ್ಲ. ಅಲ್ಲಿ ಈ ಉಪಾಯ ನಡೆಯುವುದಿಲ್ಲ. ಕ್ಯಾರಿಯರ್‌ಗೆ ಜಾನ್ ಕಾಸ್ಟಾಸ್ 1956ರಲ್ಲಿ ಕೊಟ್ಟ ಲೂಪ್, ಬಿಟ್ ಗಡಿಯಾರಕ್ಕೆ 1986ರಲ್ಲಿ ಬಂದ ಗಾರ್ಡ್‌ನರ್ ವಿಧಾನ. ಎರಡನ್ನೂ ಮುಂದಿನ ಬ್ಯಾಚ್‌ಗೆ ಪ್ರಾಜೆಕ್ಟ್ ಆಗಿ ಕೊಟ್ಟಿದ್ದೇನೆ.

ಇನ್ನು ಟಿಸಿಎಕ್ಸ್‌ಒ ಇರುವ ಎರಡನೆಯ ಡಾಂಗಲ್. ಇದು ಎಲ್ಲ ರೀತಿಯಿಂದಲೂ ಮೇಲು. ಹೇಳಿದ್ದು 1 ಪಿಪಿಎಂ, ನಾನು ಅಳೆದಾಗಲೂ ಅದರ ಆಸುಪಾಸೇ ಸಿಕ್ಕಿತು. ಲೋಹದ ಡಬ್ಬಿಯಿಂದಾಗಿ ಲ್ಯಾಪ್‌ಟಾಪ್‌ನ ಗದ್ದಲ ಕಡಿಮೆ. ಕನೆಕ್ಟರ್ ಎಸ್‌ಎಂಎ, ಗಟ್ಟಿಯಾಗಿ ಕೂರುತ್ತದೆ. ಸಾದಾ ಡಾಂಗಲ್‌ನ ಚಿಕ್ಕ ಕನೆಕ್ಟರ್ ಅಲ್ಲಾಡಿ ಅಲ್ಲಾಡಿ ಆರು ತಿಂಗಳಲ್ಲಿ ಸಡಿಲವಾಯಿತು, ಬೆಸುಗೆ ಹಾಕಿಸಬೇಕಾಯಿತು. ಅಳತೆಯ ಕೆಲಸಕ್ಕೆ, ದಿನಗಟ್ಟಲೆ ಬಿಟ್ಟು ಓಡಿಸಲು ನಾನು ಲೋಹದ್ದನ್ನೇ ಹಾಕುತ್ತೇನೆ. ಆದರೆ ಟೈಮಿಂಗ್ ಲೂಪ್ ಇಲ್ಲದ ಅದೇ ಪ್ರೋಗ್ರಾಂ ಇದರ ಜೊತೆ ಹತ್ತಿರ ಹತ್ತಿರ ಐದು ನಿಮಿಷ ಚೆನ್ನಾಗಿಯೇ ಓಡಿತು. ಇದನ್ನೇ ಮೊದಲು ಹಾಕಿದ್ದರೆ ನಾನು ಐದು ನಿಮಿಷ ನೋಡಿ, ಆಯಿತು ಅಂತ ಎದ್ದು ಹೋಗುತ್ತಿದ್ದೆ.

ಸ್ಯಾಂಪಲ್ ದರದ ಬಗ್ಗೆ ಎಚ್ಚರಿಕೆ. 32 ಲಕ್ಷದವರೆಗೆ ಇಡಬಹುದು, ಆದರೆ 24 ಲಕ್ಷದ ಮೇಲೆ ಸ್ಯಾಂಪಲ್‌ಗಳು ಬಿದ್ದುಹೋಗಬಹುದು. ಹಾಡು ಕೇಳುವವರಿಗೆ ಅದು ಗೊತ್ತೇ ಆಗುವುದಿಲ್ಲ. ರಿಸೀವರ್ ಬರೆಯುವವರಿಗೆ ಮಾತ್ರ ಪೆಟ್ಟು ಜೋರು. ನಡುವೆ ಒಂದು ತುಂಡು ಹೋದರೆ ಫೇಸ್ ಹಾರುತ್ತದೆ, ಲೂಪ್ ಕೈಬಿಡುತ್ತದೆ, ತಪ್ಪು ನಿಮ್ಮ ಕೋಡ್‌ನಲ್ಲಿ ಅಂದುಕೊಂಡು ಹುಡುಕುತ್ತ ಕೂರುತ್ತೀರಿ. ಡ್ರೈವರ್ ಜೊತೆ ಬರುವ ಪರೀಕ್ಷಾ ಪ್ರೋಗ್ರಾಂ ಇದೆ. ಅದು ಚಿಪ್‌ನಿಂದ ಸ್ಯಾಂಪಲ್ ಬದಲು ಎಣಿಕೆ ಕಳಿಸಿ, ಯಾವುದು ಬಿದ್ದುಹೋಯಿತು ಅಂತ ಹೇಳುತ್ತದೆ. ಹೊಸ ಕಂಪ್ಯೂಟರ್, ಹೊಸ ಯುಎಸ್‌ಬಿ ಹಬ್ ಹಾಕಿದಾಗೆಲ್ಲ ಮೊದಲು ಅದನ್ನು ಓಡಿಸಿ. ಡಿಸ್ಕ್ ಜಾಗವನ್ನೂ ನೋಡಿಕೊಳ್ಳಿ. 24 ಲಕ್ಷದ ದರದಲ್ಲಿ ಹತ್ತು ನಿಮಿಷಕ್ಕೆ 2.88 ಜಿಬಿ.

ಸಾಫ್ಟ್‌ವೇರ್‌ಗೆ ಗ್ನೂ ರೇಡಿಯೋ ಇದೆ, ಬ್ಲಾಕ್‌ಗಳನ್ನು ಎಳೆದು ಜೋಡಿಸಿದರೆ ರಿಸೀವರ್ ಸಿದ್ಧ. ಚೆನ್ನಾಗಿದೆ. ಆದರೆ ಕಲಿಯುವವರು ಒಮ್ಮೆಯಾದರೂ ಎಲ್ಲವನ್ನೂ ಕೈಯಿಂದ ಬರೆದು, ಆಮೇಲೆ ಅದಕ್ಕೆ ಹೋಗಲಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮೊದಲೇ ಅಲ್ಲಿಗೆ ಹೋದ ಮಕ್ಕಳು ಟೈಮಿಂಗ್ ಬ್ಲಾಕ್‌ನ ಪೆಟ್ಟಿಗೆಯಲ್ಲಿ ಅಂಕಿ ಬದಲಿಸುತ್ತ ಕೂರುತ್ತಾರೆ, ಒಳಗೆ ಏನಾಗುತ್ತಿದೆ ಅಂತ ಕೇಳುವುದಿಲ್ಲ.

ಇದರಿಂದ ಆಗದ್ದೇನು? ಕಳಿಸಲು ಬರುವುದಿಲ್ಲ, ಕೇಳಲು ಮಾತ್ರ. ವೈಫೈ ಇರುವ 2.4 ಗಿಗಾಹರ್ಟ್ಸ್‌ಗೆ ಟ್ಯೂನರ್ ಮುಟ್ಟುವುದೇ ಇಲ್ಲ. 20 ಮೆಗಾಹರ್ಟ್ಸ್ ಅಗಲದ ಎಲ್‌ಟಿಇ (4ಜಿ ಮೊಬೈಲ್ ಸಿಗ್ನಲ್) ಪೂರ್ತಿಯಾಗಿ ಒಳಗೆ ಹಿಡಿಸುವುದಿಲ್ಲ. ಅದು ಬೇಕಾದವರು ಅಡಾಲ್ಮ್-ಪ್ಲೂಟೋದಂಥದ್ದನ್ನು ನೋಡಬೇಕು. ಅದರ ಎಡಿಸಿ 12 ಬಿಟ್, ಕಳಿಸುವುದಕ್ಕೂ ಬರುತ್ತದೆ, ಅಗಲವೂ ಜಾಸ್ತಿ. ಆದರೆ ಬೆಲೆಯೂ ಅದಕ್ಕೆ ತಕ್ಕಂತೆ. ತರಗತಿಯಲ್ಲಿ ಪ್ರತಿ ಇಬ್ಬರಿಗೆ ಒಂದು ಅಂತ ಕೊಡಲು ಈ ಡಾಂಗಲ್ಲೇ ಸರಿ.

ನೀವು ಒಂದೇ ತೆಗೆದುಕೊಳ್ಳುವುದಾದರೆ ಟಿಸಿಎಕ್ಸ್‌ಒ ಇರುವುದನ್ನೇ ತೆಗೆದುಕೊಳ್ಳಿ. ಎರಡು ತೆಗೆದುಕೊಳ್ಳಲು ಆಗುವುದಾದರೆ ಒಂದು ಸಾದಾ ಇರಲಿ, ಬರೆದ ಕೋಡನ್ನು ಮೊದಲು ಅದರ ಮೇಲೆ ಓಡಿಸಿ. ಅಲ್ಲಿ ನಿಂತರೆ ಎಲ್ಲಿ ಬೇಕಾದರೂ ನಿಲ್ಲುತ್ತದೆ. ಐದರಲ್ಲಿ ನಾನು ಇದಕ್ಕೆ ನಾಲ್ಕೂವರೆ ಅಂಕ ಕೊಡುತ್ತೇನೆ. ಅರ್ಧ ಕಳೆದದ್ದು ಆ ಚಿಕ್ಕ ಕನೆಕ್ಟರ್‌ಗೆ.

ಈಗ ನಾವು ಎಲ್‌ಟಿಇಯ ಸಿಂಕ್ ಸಿಗ್ನಲ್, ಅಂದರೆ ಫೋನ್ ಟವರ್ ಜೊತೆ ಹೆಜ್ಜೆ ಹೊಂದಿಸಿಕೊಳ್ಳಲು ಬಳಸುವ ಸಿಗ್ನಲ್, ಹಿಡಿಯಲು ಕೂತಿದ್ದೇವೆ. ಪೂರ್ತಿ ಅಗಲ ಹಿಡಿಸದಿದ್ದರೂ ಸಿಂಕ್ ಸಿಗ್ನಲ್ ನಡುವಿನ ಒಂದು ಮೆಗಾಹರ್ಟ್ಸ್ ಒಳಗೇ ಇದೆ, ಅದು ಧಾರಾಳವಾಗಿ ಸಿಗುತ್ತದೆ. ಪಿಎಸ್‌ಎಸ್ ಅನ್ನುವ ಗುರುತು ಪ್ರತಿ 5 ಮಿಲಿಸೆಕೆಂಡಿಗೆ ಒಮ್ಮೆ ಬರುತ್ತದೆ. ಆ ಗುರುತಿನ ನಕಲನ್ನು ಬಂದ ಸ್ಯಾಂಪಲ್‌ಗಳ ಜೊತೆ ಹೋಲಿಸುತ್ತ ಹೋದರೆ, ತಾಳೆಯಾದ ಕಡೆ ಗ್ರಾಫ್‌ನಲ್ಲಿ ಶಿಖರ ಏಳುತ್ತದೆ. ಸೆಕೆಂಡಿಗೆ 19.2 ಲಕ್ಷ ಸ್ಯಾಂಪಲ್ ಇಟ್ಟರೆ 9,600 ಸ್ಯಾಂಪಲ್‌ಗೆ ಒಂದು ಶಿಖರ. ಲೋಹದ ಡಾಂಗಲ್‌ನಲ್ಲಿ ಶಿಖರ ಮೊದಲ ಪ್ರಯತ್ನಕ್ಕೇ ಎದ್ದಿತು. ಸಾದಾ ಡಾಂಗಲ್‌ನಲ್ಲಿ ಏನೂ ಇಲ್ಲ, ಬರೀ ಹುಲ್ಲಿನಂಥ ಗದ್ದಲ. ಲೆಕ್ಕ ಹಾಕಿದೆವು. 900 ಮೆಗಾಹರ್ಟ್ಸ್‌ಗೆ 50 ಪಿಪಿಎಂ ಅಂದರೆ 45 ಕಿಲೋಹರ್ಟ್ಸ್, ಎಲ್‌ಟಿಇ ಸಬ್‌ಕ್ಯಾರಿಯರ್‌ಗಳ, ಅಂದರೆ ಸಿಗ್ನಲ್ ಹಂಚಿಕೊಂಡ ಚಿಕ್ಕ ಚಿಕ್ಕ ಅಲೆಗಳ, ನಡುವಿನ ಅಂತರ 15. ಮೂರು ಮನೆ ಆಚೆ ಹೋಗಿ ಬಾಗಿಲು ತಟ್ಟುತ್ತಿದ್ದೆವು. ಈಗ 5 ಕಿಲೋಹರ್ಟ್ಸ್‌ಗೆ ಒಂದು ಹೆಜ್ಜೆಯಂತೆ ಆಚೀಚೆ ಸರಿದು ಹುಡುಕುವ ಲೂಪ್ ಹಾಕಿದ್ದೇವೆ. ಶಿಖರ ಸಿಕ್ಕಿದೆ. ಆದರೆ ಅದು 9,600ಕ್ಕೆ ಸರಿಯಾಗಿ ನಿಲ್ಲುತ್ತಿಲ್ಲ, ಎರಡು ಸಲಕ್ಕೆ ಒಂದು ಸ್ಯಾಂಪಲ್‌ನಂತೆ ಸರಿಯುತ್ತಿದೆ. ಅದೇ 50 ಪಿಪಿಎಂ. ಈ ಸಲ ನೋಡಿದ ಕೂಡಲೇ ಗುರುತು ಸಿಕ್ಕಿತು, ಆ ಹುಡುಗಿ ಆಗಲೇ ಟೈಮಿಂಗ್ ಲೂಪ್ ಬರೆಯಲು ಕೂತಿದ್ದಾಳೆ.